ಬಸವಣ್ಣೆಮ್ಮನವರ ಬಿಸ್ಕತ್ತು ಮತ್ತು ಒಂದು ಹಿಡಿ ಹುರುಳಿ

ಬಸವಣ್ಣೆಮ್ಮನವರ ಅಡುಗೆಮನೆಯ ಗೂಡಿನಲ್ಲಿ ಒಂದು ಹಳೆಯ ಔಷಧಿ ಬಾಟಲಿ ಇತ್ತು. ಅದರೊಳಗೆ ತೊಂಬತ್ತು ಹುರುಳಿಕಾಳು, ತೊಂಬತ್ತೂ ಹುಳು ಕೊರೆದ ತೂತುಕಾಳು. ಎಣಿಸಿದವನು ನಾನೇ ಆದ್ದರಿಂದ ಸಂಖ್ಯೆಯ ಬಗ್ಗೆ ನನಗೆ ಅನುಮಾನವಿಲ್ಲ.

ಸಾವಿರದ ಒಂಬೈನೂರ ಐವತ್ತಾರರ ಜೂನಿನಲ್ಲಿ ನಾನು ಬಿ.ಎಸ್ಸಿ. ಮುಗಿಸಿ ಶಿರಾಳಕೊಪ್ಪಕ್ಕೆ ವಿಜ್ಞಾನದ ಮೇಷ್ಟ್ರಾಗಿ ಬಂದೆ. ಬಸವಣ್ಣೆಮ್ಮನವರ ಮನೆಯ ಬೀದಿ ಕಡೆಯ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತು. ಅವರಿಗಾಗ ನಲವತ್ತೆರಡು ವರ್ಷ. ಗಿಡ್ಡ ಆಳು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಹಣೆಯ ಮೇಲೆ ಬೆಳಿಗ್ಗೆ ಹಚ್ಚಿದ ವಿಭೂತಿ ಸಂಜೆಯವರೆಗೂ ಮಾಸದೆ ಇರುತ್ತಿತ್ತು. ಗಂಡ ಪಂಚಾಕ್ಷರಪ್ಪನವರಿಗೆ ಪೇಟೆಯಲ್ಲಿ ಕಾಳಿನ ಅಂಗಡಿ. ಒಬ್ಬಳೇ ಮಗಳು ನೀಲಾಂಬಿಕ, ಹಿಂದಿನ ವರ್ಷವಷ್ಟೇ ಸೊರಬಕ್ಕೆ ಮದುವೆಯಾಗಿ ಹೋಗಿದ್ದಳು.

ಆ ಮನೆಯಲ್ಲಿ ಓಟ್ಸ್ ಇದ್ದದ್ದು ಪಂಚಾಕ್ಷರಪ್ಪನವರ ಜ್ವರದಿಂದ. ನಾನು ಬರುವುದಕ್ಕೆ ಮುಂಚೆ ಅವರು ವಿಷಮಶೀತ ಜ್ವರದಲ್ಲಿ ನಲವತ್ತು ದಿನ ಮಲಗಿ ಎದ್ದಿದ್ದರು. ಶಿವಮೊಗ್ಗೆಯ ಡಾಕ್ಟರು ಓಟ್ಸ್ ಗಂಜಿ ಕುಡಿಸಿ ಎಂದು ಒಂದು ತಗಡಿನ ಡಬ್ಬಿ ಬರೆದುಕೊಟ್ಟರು. ರೋಗಿ ಒಂದು ಗುಟುಕು ಕುಡಿದು ಬಟ್ಟಲನ್ನು ದೂರ ಸರಿಸಿ, "ಇದು ಗೋಡೆಗೆ ಬಳಿಯೋ ಅಂಟಿನಂಗೈತೆ. ಮನುಷ್ಯನಿಗೆ ಅಲ್ಲ," ಎಂದರಂತೆ. ಡಬ್ಬಿ ದೊಡ್ಡದು, ಬಿಸಾಡಲು ಬಸವಣ್ಣೆಮ್ಮನವರಿಗೆ ಮನಸ್ಸಿಲ್ಲ. ಅವರು ಅದನ್ನು ತುಪ್ಪದಲ್ಲಿ ಕೆಂಪಗೆ ಹುರಿದು, ತರಿಯಾಗಿ ಕುಟ್ಟಿ, ಬೆಲ್ಲ, ಬೆಣ್ಣೆ, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ ತಟ್ಟಿ ಸುಟ್ಟರು. ಗಂಜಿ ಒಲ್ಲದ ರೋಗಿ ದಿನಕ್ಕೆ ಎಂಟು ಬಿಸ್ಕತ್ತು ತಿಂದು ಎದ್ದು ಕೂತರು. ಅಂದಿನಿಂದ ಶಿವಮೊಗ್ಗೆಯಿಂದ ಡಬ್ಬಿ ತರಿಸುವುದು ರೂಢಿಯಾಯಿತು. ಓಣಿಯವರು ಓಟ್ಸಿಗೆ ಡಬ್ಬಿ ಅವಲಕ್ಕಿ ಎಂದು ಹೆಸರಿಟ್ಟರು. ನೋಡಲು ಅದು ಗಟ್ಟಿ ಅವಲಕ್ಕಿಯ ಹಾಗೆಯೇ ಇರುತ್ತದೆ.

ಊರಿನಲ್ಲಿ ಬೇಕರಿ ಇತ್ತು. ಹಿಟ್ಟು ಕಲಸಿ ತಟ್ಟೆಯಲ್ಲಿ ಇಟ್ಟುಕೊಟ್ಟರೆ ಅವರ ಭಟ್ಟಿಯಲ್ಲಿ ಸುಟ್ಟುಕೊಡುತ್ತಿದ್ದರು. ಆದರೆ ಮೊಟ್ಟೆ ತಾಗಿದ ತಟ್ಟೆಗಳ ಪಕ್ಕ ತಮ್ಮ ತಟ್ಟೆ ಇಡಲು ಬಸವಣ್ಣೆಮ್ಮ ಒಪ್ಪುವವರಲ್ಲ. ಮನೆಯಲ್ಲೇ ಒಂದು ಏರ್ಪಾಡು ಮಾಡಿಕೊಂಡಿದ್ದರು: ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ಎರಡು ಬೆರಳು ಮರಳು, ಅದರ ಮೇಲೆ ಬಿಸ್ಕತ್ತಿನ ತಟ್ಟೆ, ಮೇಲೆ ಕಬ್ಬಿಣದ ಮುಚ್ಚಳ, ಮುಚ್ಚಳದ ಮೇಲೆ ಕೆಂಡ. ಕೆಳಗೂ ಬೆಂಕಿ, ಮೇಲೂ ಬೆಂಕಿ. ಪ್ರತಿ ಬಿಸ್ಕತ್ತಿನ ಮೇಲೂ ವಿಭೂತಿ ಹಚ್ಚುವ ಹಾಗೆ ಮೂರು ಬೆರಳಿನಿಂದ ಮೂರು ಗೆರೆ ಎಳೆಯುತ್ತಿದ್ದರು. ಗಡಿಯಾರ ನೋಡುತ್ತಿರಲಿಲ್ಲ. ಕಣ್ಣುಮುಚ್ಚಿ 'ನಮಃ ಶಿವಾಯ' ಎಂದು ಎಣಿಸುತ್ತಿದ್ದರು. ಐದು ಸುತ್ತು ನೂರೆಂಟು ಆದರೆ ಇಳಿಸುವುದು. ನನ್ನ ಕೈಗಡಿಯಾರದಲ್ಲಿ ಅದು ಹದಿನಾಲ್ಕು ನಿಮಿಷ. ನಾಲ್ಕು ಸಲ ಪರೀಕ್ಷಿಸಿದೆ, ಅರ್ಧ ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ.

ಆ ವರ್ಷದ ಕಾರ್ತಿಕದಲ್ಲಿ ನೀಲಾಂಬಿಕಳಿಗೆ ಸೊರಬದಲ್ಲಿ ಕುಬಸ. ಚೊಚ್ಚಲ ಬಸುರಿಗೆ ತವರಿನವರು ತಿಂಡಿಯ ಬುತ್ತಿ ಒಯ್ಯಬೇಕು, ಅತ್ತೆಯ ಮನೆಯವರು ಅದನ್ನು ಓಣಿಯ ಮನೆಮನೆಗೂ ಬೀರಬೇಕು. ತವರಿನ ಕೈರುಚಿ ಓಣಿಗೆ ಗೊತ್ತಾಗುವುದು ಹಾಗೆ, ಸೊಸೆಗೆ ಓಣಿಯಲ್ಲಿ ಒಂದು ಬೆಲೆ ಬರುವುದೂ ಹಾಗೆಯೇ. ಬಸವಣ್ಣೆಮ್ಮ ಕರ್ಚಿಕಾಯಿ, ಚಕ್ಕುಲಿ, ಶೇಂಗಾ ಉಂಡೆಯ ಜೊತೆಗೆ ತಮ್ಮ ಹೆಸರು ಕೊರೆಸಿದ ಹಿತ್ತಾಳೆ ಡಬ್ಬಿಯಲ್ಲಿ ಇನ್ನೂರು ಓಟ್ಸ್ ಬಿಸ್ಕತ್ತು ಒಯ್ದರು. ಯಾರ ಮನೆಯವರೂ ತರದ ತಿಂಡಿ ತಂದಿದ್ದೇನೆ ಎಂಬ ಹೆಮ್ಮೆ ಅವರಿಗೆ.

ಬೀಗಿತ್ತಿ ರಾಜೇಶ್ವರಮ್ಮ ಮುಚ್ಚಳ ತೆಗೆದು, ಇದು ಯಾವುದರದ್ದು ಎಂದು ಕೇಳಿದರು. ಬಸವಣ್ಣೆಮ್ಮ ಹೇಳಿದರು. ರಾಜೇಶ್ವರಮ್ಮನವರ ದೊಡ್ಡಪ್ಪ ಒಂದು ಕಾಲದಲ್ಲಿ ಮೈಸೂರಿನ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದವರು.

"ಓಟ್ಸಾ?" ಎಂದರು ಅವರು, ಇಡೀ ಪಡಸಾಲೆಗೆ ಕೇಳುವ ಹಾಗೆ. "ಅದು ಕುದುರೆ ಮೇವು ಮಾರಾಯ್ತಿ! ನಮ್ಮ ದೊಡ್ಡಪ್ಪ ಲಾಯದಲ್ಲಿ ಚೀಲಗಟ್ಟಲೆ ಸುರೀತಿದ್ರು. ಬಸುರಿ ಹೆಂಗಸಿಗೆ ಕುದುರೆ ಮೇವು ತಂದಿದ್ದೀರಲ್ಲ ಬೀಗ್ರೆ, ಹುಟ್ಟೋ ಕೂಸು ಕೆನೀಬೇಕು ಅಂತನಾ?"

ಹೆಂಗಸರು ನಕ್ಕರು. ಒಂದು ಬಿಸ್ಕತ್ತನ್ನೂ ಬೀರಲಿಲ್ಲ. ರಾಜೇಶ್ವರಮ್ಮ ಅದರ ಚೂರನ್ನೂ ನಾಲಿಗೆಗೆ ತಾಗಿಸಲಿಲ್ಲ. ಹೊರಡುವಾಗ ಬಿಸ್ಕತ್ತನ್ನೆಲ್ಲ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟು, ಖಾಲಿ ಡಬ್ಬಿಯನ್ನು ಬೇರೆಯಾಗಿ ಕೈಗಿಟ್ಟರು. ಆದರೆ ಬೀಗರ ಪಾತ್ರೆಯನ್ನು ಖಾಲಿ ಕಳಿಸುವುದು ಸಲ್ಲದು, ಏನಾದರೂ ಹಾಕಿ ಕೊಡಬೇಕು. ಅಷ್ಟು ಅವಮಾನ ಮಾಡಿದ ಮೇಲೂ ಆ ಪದ್ಧತಿಯನ್ನು ಅವರು ಬಿಡಲಿಲ್ಲ. ಒಳಗೆ ಹೋಗಿ ಒಂದು ಹಿಡಿ ಹುರುಳಿ ತಂದು ಡಬ್ಬಿಗೆ ಸುರಿದು, "ಮೇವಿನ ಜೊತೆಗೆ ಇದೂ ಇರಲಿ. ಕುದುರೆಗೆ ಹುರುಳಿ ಬೇಕಲ್ಲ," ಎಂದರು.

ಇಡೀ ಪ್ರಸಂಗದಲ್ಲಿ ರಾಜೇಶ್ವರಮ್ಮ ಮಾಡಿದ ತಪ್ಪು ಅದೊಂದೇ ಎಂದು ನನ್ನ ಲೆಕ್ಕ. ಡಬ್ಬಿಯನ್ನು ಖಾಲಿ ಕಳಿಸಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಅವರು ಬೀಜ ಕೊಟ್ಟು ಕಳಿಸಿದರು.

ಮಾರನೆಯ ದಿನ ಬಸವಣ್ಣೆಮ್ಮ ಆ ಹುರುಳಿಯನ್ನು ಮೊರಕ್ಕೆ ಸುರಿದು ನನ್ನ ಮುಂದಿಟ್ಟರು. "ಮೇಷ್ಟ್ರೇ, ಎಣಿಸ್ರಿ."

ಸಾವಿರದ ಮುನ್ನೂರ ನಲವತ್ತು ಕಾಳು. ಅದರಲ್ಲಿ ತೊಂಬತ್ತು ತೂತುಕಾಳು.

"ಆರಿಸೋ ಅಷ್ಟು ಮರ್ಯಾದೆನೂ ಕೊಡ್ಲಿಲ್ಲ ನೋಡ್ರಿ ನನಗೆ," ಎಂದು ತೂತುಕಾಳನ್ನು ಬಾಟಲಿಗೆ ತುಂಬಿ ಗೂಡಿನಲ್ಲಿಟ್ಟರು. ಒಳ್ಳೆಯದನ್ನು ಬೂದಿ ಬೆರೆಸಿ ಗಡಿಗೆಗೆ ಹಾಕಿ ಬಾಯಿ ಕಟ್ಟಿದರು.

ಪಂಚಾಕ್ಷರಪ್ಪನವರು ಬಾಗಿಲಲ್ಲಿ ನಿಂತು, "ಬಿಟ್ಟುಬಿಡೇ, ಬೀಗರು. ಮಗಳನ್ನ ಕೊಟ್ಟೀವಿ," ಎಂದರು.

"ನೀವು ಬಿಡ್ರಿ. ನಾನು ಬಿಡಲ್ಲ."

ಹೆರಿಗೆಗೆಂದು ನೀಲಾಂಬಿಕ ತವರಿಗೆ ಬಂದಾಗ ಇನ್ನೊಂದು ವಿಷಯ ಗೊತ್ತಾಯಿತು. ಕುಬಸದ ದಿನದಿಂದ ಅತ್ತೆ ಅವಳನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟಿದ್ದರು. ನೀರು ತಾರೇ ಕುದುರೆ ಮನೆಯವಳೇ, ದೀಪ ಹಚ್ಚೇ ಕುದುರೆ ಮನೆಯವಳೇ. ಓಣಿಯ ಹೆಂಗಸರೂ ಅದನ್ನೇ ಹಿಡಿದಿದ್ದರು. ಗಂಡ ಬಾಯಿ ಬಿಡುತ್ತಿರಲಿಲ್ಲ. ಮಗಳು ಇದನ್ನು ಅಳದೆ ಹೇಳಿದಳು. ತಾಯಿಯೂ ಅಳದೆ ಕೇಳಿದರು. ಆಮೇಲೆ ಅವರು ಹೇಳಿದ್ದು ಒಂದೇ ಮಾತು: "ಯಾವ ಬಾಯಿ ಕುದುರೆ ಮೇವು ಅಂತೋ ಅದೇ ಬಾಯಿ ಅದನ್ನ ಬೇಡಿ ತಿನ್ನಬೇಕು. ಅದೇ ಬಾಯಿ ನನ್ನ ಮಗಳ ಹೆಸರು ಹಿಡಿದು ಕೂಗಬೇಕು. ಆಕೆ ಬೇಡೋತನಕ ಆ ಹಿತ್ತಾಳೆ ಡಬ್ಬಿ ನಾನು ಮುಟ್ಟಲ್ಲ."

ಫೆಬ್ರುವರಿಯಲ್ಲಿ ಮೊಮ್ಮಗ ಹುಟ್ಟಿದ. ಐದು ತಿಂಗಳು ಕಳೆದು ತಾಯಿ ಮಗು ಸೊರಬಕ್ಕೆ ಹೋದರು. ಭಾದ್ರಪದದಲ್ಲಿ ಬಸವಣ್ಣೆಮ್ಮ ಹಿತ್ತಲನ್ನು ಅಗೆಸಿ, ನಾಲ್ಕು ಗಜ ಉದ್ದ ನಾಲ್ಕು ಗಜ ಅಗಲದ ತುಂಡಿನಲ್ಲಿ ಆ ಹುರುಳಿಯನ್ನು ತಮ್ಮ ಕೈಯಾರೆ ಬಿತ್ತಿದರು. ಕಾಳಿನ ಅಂಗಡಿಯವರ ಹೆಂಡತಿ ಹಿತ್ತಲಲ್ಲಿ ಹುರುಳಿ ಬೆಳೆಯುವುದನ್ನು ಕಂಡು ಓಣಿಯವರು ಬೆರಗಾದರು. ಅಂಗಡಿಯಲ್ಲಿ ಮೂಟೆ ಮೂಟೆ ಹುರುಳಿ ಇತ್ತು. ಇವರಿಗೆ ಬೇಕಾದದ್ದು ಆ ಹಿಡಿಯ ಸಂತಾನ ಮಾತ್ರ. ಪುಷ್ಯದಲ್ಲಿ ಒಂದು ಸೇರು ಬಂತು. ಕಾಲು ಭಾಗ ಬೀಜಕ್ಕೆ ತೆಗೆದಿಟ್ಟು ಉಳಿದದ್ದರಲ್ಲಿ ಪ್ರಯೋಗ ಶುರುವಾಯಿತು.

ಮೊದಲ ಸಲ ಹುರುಳಿಯನ್ನು ಹುರಿದು ಬೀಸಿ ಓಟ್ಸಿನ ಜೊತೆ ಕಲಸಿದರು. ಬಿಸ್ಕತ್ತು ಕಲ್ಲಿನಂತಾಯಿತು, ಹಸಿ ವಾಸನೆ ಬೇರೆ. ಎರಡನೆಯ ಸಲ ಬೆಣ್ಣೆ ಹೆಚ್ಚಿಸಿದರು. ಹರಡಿಹೋಯಿತು. ಕಾಳನ್ನು ಮೊಳಕೆ ಬರಿಸಿ, ಒಣಗಿಸಿ, ಆಮೇಲೆ ಹುರಿದು ನೋಡಿ ಎಂದು ನಾನು ಹೇಳಿದೆ. ಮೊಳಕೆಯಲ್ಲಿ ಪಿಷ್ಟ ಸ್ವಲ್ಪ ಸಕ್ಕರೆಯಾಗುತ್ತದೆ. ವಾಸನೆ ಹೋಯಿತು, ರುಚಿ ಬಂತು. ಆದರೆ ನಡು ಪ್ರತಿ ಸಲವೂ ಹಸಿಯಾಗಿಯೇ ಉಳಿಯುತ್ತಿತ್ತು. ಮರಳು, ಕೆಂಡ, ಹಿಟ್ಟಿನ ಅಳತೆ ಎಲ್ಲ ಮೊದಲಿನಂತೆಯೇ ಇದ್ದರೂ ಹೀಗಾಗುವುದು ನನಗೆ ಬಗೆಹರಿಯಲಿಲ್ಲ. ಒಂದು ದಿನ ಒಲೆಯ ಪಕ್ಕ ಕೂತು ಗಡಿಯಾರ ಹಿಡಿದೆ. ಐದು ಸುತ್ತು ನೂರೆಂಟು ಹನ್ನೊಂದು ನಿಮಿಷಕ್ಕೆ ಮುಗಿದಿತ್ತು.

"ಅಮ್ಮಾ, ನೀವು ಬೇಗ ಬೇಗ ಎಣಿಸ್ತಿದೀರಿ," ಎಂದೆ.

"ಇಲ್ಲ. ಎಂದಿನಂಗೇ ಎಣಿಸಿದೆ."

"ಮೂರು ನಿಮಿಷ ಕಮ್ಮಿ. ಎಣಿಸುವಾಗ ಏನು ಯೋಚನೆ ಮಾಡ್ತೀರಿ?"

ಅವರು ಮುಚ್ಚಳದ ಮೇಲಿನ ಕೆಂಡವನ್ನು ಬದಿಗೆ ಸರಿಸಿದರು. "ಆಕೆ ಮುಖ ಕಣ್ಣಮುಂದೆ ಬರ್ತೈತೆ ಮೇಷ್ಟ್ರೇ. ಶಿವನ ಹೆಸರು ಹೇಳ್ತಾ ಹೇಳ್ತಾ ಹಲ್ಲು ಕಡಿಯೋ ಹಂಗಾಗತ್ತೆ."

ಗಡಿಯಾರ ಕೊಡುತ್ತೇನೆ ಎಂದೆ. ಬೇಡವೆಂದರು. "ಸಿಟ್ಟು ನನ್ನದು. ಬಿಸ್ಕತ್ತು ಕೆಡಿಸಬಾರದು ಅಷ್ಟೇ."

ಅಂದಿನಿಂದ ಅವರು ಒಲೆಯಿಲ್ಲದೆಯೇ, ಹಿತ್ತಲಿನ ಕಟ್ಟೆಯ ಮೇಲೆ ಕೂತು ನಿಧಾನವಾಗಿ ಎಣಿಸುವುದನ್ನು ಅಭ್ಯಾಸ ಮಾಡಿದರು. ಹೊರಗಿನವರು ಭಕ್ತಿ ಹೆಚ್ಚಿತು ಎಂದುಕೊಂಡರು. ಹನ್ನೊಂದು ಹನ್ನೆರಡಾಯಿತು. ಶಿವರಾತ್ರಿ ಕಳೆಯುವಷ್ಟರಲ್ಲಿ ಹದಿನಾಲ್ಕಕ್ಕೆ ಮುಟ್ಟಿತು. ಸಿಟ್ಟೇನೂ ಇಳಿದಿರಲಿಲ್ಲ. ಅದು ಆತುರವನ್ನು ಬಿಟ್ಟಿತ್ತು. ಆ ದಿನ ಇಳಿಸಿದ ಬಿಸ್ಕತ್ತನ್ನು ನಾನು ಮುರಿದು ನೋಡಿದೆ. ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣ. ಬಾಯಿಗಿಟ್ಟರೆ ಮೊದಲು ತುಪ್ಪ, ಆಮೇಲೆ ಬೆಲ್ಲ, ಕೊನೆಗೆ ಹೆಸರು ಹೇಳಲಾಗದ ಒಂದು ಘಮ. ಅದೇ ಹುರುಳಿ.

ಮರುವರ್ಷ ಇಡೀ ಹಿತ್ತಲಿಗೆ ಬಿತ್ತಿದ ಎರಡನೆಯ ಬೆಳೆ ಐವತ್ತೊಂಬತ್ತರ ಜನವರಿಯಲ್ಲಿ ಬಂತು, ಆರು ಸೇರು. ಬರುವ ವೈಶಾಖದಲ್ಲಿ ಮೊಮ್ಮಗನ ಜವಳ, ಮೊದಲ ಕೂದಲು ತೆಗೆಸುವ ಕಾರ್ಯ. ಬಸವಣ್ಣೆಮ್ಮ ದಿನ ಎಣಿಸಿ ಕೆಲಸ ಶುರುಮಾಡಿದರು.

ರಾಜೇಶ್ವರಮ್ಮನವರ ಪಕ್ಕದ ಮನೆಯ ಮಹಾದೇವಮ್ಮನ ತವರು ಶಿರಾಳಕೊಪ್ಪ. ಬಸವಣ್ಣೆಮ್ಮನವರಿಗೆ ಚಿಕ್ಕಂದಿನ ಗೆಳತಿ. ವಾರದ ಸಂತೆಗೆ ಬಂದಾಗೆಲ್ಲ ಅವರ ಚೀಲದಲ್ಲಿ ಇಪ್ಪತ್ತು ಬಿಸ್ಕತ್ತಿನ ಪೊಟ್ಟಣ ಸೇರುತ್ತಿತ್ತು. ಸೊರಬದಲ್ಲಿ ಅದನ್ನು ರಾಜೇಶ್ವರಮ್ಮನ ಕೈಗಿಟ್ಟು, "ದಾವಣಗೆರೆಯ ನನ್ನ ನಾದಿನಿ ಕಳಿಸ್ತಾಳೆ, ನಮ್ಮನೇಲಿ ತಿನ್ನೋರಿಲ್ಲ," ಎನ್ನಬೇಕು. ಹಿಂದೆ ಅದರ ಚೂರನ್ನೂ ತಿಂದಿರದ ರಾಜೇಶ್ವರಮ್ಮನವರಿಗೆ ರುಚಿಯಿಂದ ಗುರುತು ಸಿಗುವ ಸಾಧ್ಯತೆಯೇ ಇರಲಿಲ್ಲ, ಎರಡು ವರ್ಷದ ಹಿಂದೆ ಒಮ್ಮೆ ಕಂಡ ಗೆರೆ ನೆನಪಿರುವಂತೆಯೂ ಇರಲಿಲ್ಲ.

ಎರಡನೆಯ ವಾರ ಮಹಾದೇವಮ್ಮ ಸುದ್ದಿ ತಂದರು. "ಬೆಳಿಗ್ಗೆ ಚಾಕ್ಕೆ ಅದ್ದಿಕೊಂಡು ತಿಂತಾಳೆ ಕಣೇ."

ನಾಲ್ಕನೆಯ ವಾರ: "ಡಬ್ಬಿನ ಬೀಗ ಹಾಕಿ ಇಟ್ಕೊಂಡಿದಾಳೆ. ಗಂಡನಿಗೂ ಕೊಡಲ್ಲ."

ಎಂಟನೆಯ ವಾರ ಬಸವಣ್ಣೆಮ್ಮ ಬೇಕೆಂದೇ ಪೊಟ್ಟಣ ಕಳಿಸಲಿಲ್ಲ. ಮರುವಾರ ಮಹಾದೇವಮ್ಮ ನಗುತ್ತಾ ಬಂದರು. "ಬೆಳಿಗ್ಗೆ ಎದ್ದು ಬೇಲಿ ಹತ್ರ ನಿಂತಿದ್ಲು. 'ನಿನ್ನ ನಾದಿನಿಗೆ ಹುಷಾರಿಲ್ವಾ' ಅಂತ ವಿಚಾರಿಸ್ತಾಳೆ! ನನ್ನ ನಾದಿನಿ ಸತ್ರೂ ಇವಳು ಕೇಳೋಳಲ್ಲ."

ಜವಳಕ್ಕೆ ಹದಿನೈದು ದಿನ ಇರುವಾಗ ಬಸವಣ್ಣೆಮ್ಮ ಎರಡು ವರ್ಷದಿಂದ ಕಾಯುತ್ತಿದ್ದ ಮಾತು ಬಂತು. ಓಣಿಗೆಲ್ಲ ಬೀರಲು ಇನ್ನೂರು ಬಿಸ್ಕತ್ತು ಬೇಕು, ಹೇಗಾದರೂ ಮಾಡಿ ದಾವಣಗೆರೆಯಿಂದ ತರಿಸಿಕೊಡು ಎಂದು ರಾಜೇಶ್ವರಮ್ಮ ಕೈ ಹಿಡಿದು ಕೇಳಿದ್ದರಂತೆ. "ಬೇಡಿದಳು," ಎಂದರು ಬಸವಣ್ಣೆಮ್ಮ. ಅಷ್ಟೇ. ಎದ್ದು ಹೋಗಿ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಡಬ್ಬಿ ತಿಕ್ಕತೊಡಗಿದರು. ಮಹಾದೇವಮ್ಮನ ಕೈಯಲ್ಲಿ ನೂರು ಮಾತ್ರ ಕಳಿಸಿ, ಉಳಿದ ನೂರು ಜವಳದ ದಿನ ಬೆಳಿಗ್ಗೆಯ ಬಸ್ಸಿಗೆ ಬರುತ್ತದೆ ಎಂದು ಹೇಳಿಸಿದರು.

ಬೆಳಿಗ್ಗೆಯ ಬಸ್ಸಿನಲ್ಲಿ ನಾನೂ ಇದ್ದೆ. ಡಬ್ಬಿ ಅವರ ಮಡಿಲಲ್ಲಿತ್ತು. ಸೊರಬ ಮುಟ್ಟುವವರೆಗೂ ಅವರ ತುಟಿ ನಿಧಾನವಾಗಿ ಆಡುತ್ತಿತ್ತು. ನಾನು ಗಡಿಯಾರ ನೋಡಲಿಲ್ಲ.

ಮಗುವಿನ ಕೂದಲು ತೆಗೆದು, ಸ್ನಾನ ಮಾಡಿಸಿ, ಆರತಿ ಎತ್ತಿ ಆಗಿತ್ತು. ಗಂಡಸರು ಜಗುಲಿಯಲ್ಲಿದ್ದೆವು. ಬಾಗಿಲಿನಿಂದ ಪಡಸಾಲೆ ಚೆನ್ನಾಗಿ ಕಾಣುತ್ತಿತ್ತು. ರಾಜೇಶ್ವರಮ್ಮ ಹರಿವಾಣ ಹಿಡಿದು ಕೂತವರಿಗೆಲ್ಲ ಬಿಸ್ಕತ್ತು ಕೊಡುತ್ತಾ, ಆಚೆ ಸಾಲಿನ ಮನೆಗಳಿಗೆ ಆಗಲೇ ಬೀರಿ ಮುಗಿಸಿದ್ದೇನೆ, ಈಚೆ ಸಾಲಿನವರದು ಬಸ್ಸಿಗೆ ಬರುವುದಿದೆ ಎಂದು ಹೇಳುತ್ತಿದ್ದರು. ಹರಿವಾಣ ಕೆಳಗಿಟ್ಟ ಮೇಲೆ ಅವರ ಕೈಯಲ್ಲೂ ಅರ್ಧ ತಿಂದದ್ದೊಂದು ಇತ್ತು.

"ಏನು ಹಾಕ್ತಾರೆ ಇದಕ್ಕೆ?" ಎಂದು ಯಾರೋ ಕೇಳಿದರು.

"ಬಾದಾಮಿ ಇರಬೇಕು ಅಲ್ದಾ? ದಾವಣಗೆರೆ ಕಡೆ ದೊಡ್ಡ ಮನೆತನದವರು ಮಾಡೋದು. ನಮ್ಮ ಬೀಗರಿಗೂ ಕೊಡಿ. ಒಳ್ಳೆ ತಿಂಡಿ ಹ್ಯಾಗಿರತ್ತೆ ಅಂತ ಅವರೂ ನೋಡಲಿ."

ಬಸವಣ್ಣೆಮ್ಮ ಎದ್ದು ನಿಂತರು. ಹಿತ್ತಾಳೆ ಡಬ್ಬಿಯನ್ನು ಪಡಸಾಲೆಯ ನಡುವೆ ಇಟ್ಟು ಮುಚ್ಚಳ ತೆಗೆದರು. "ಬಸ್ಸಿಗೆ ಬರೋದು ಬಂದೈತೆ ರೀ. ನೂರು. ಎಣಿಸಿಕೊಳ್ರಿ."

ಡಬ್ಬಿಯಲ್ಲೂ ಮೂರು ಗೆರೆ, ಹರಿವಾಣದಲ್ಲೂ ಮೂರು ಗೆರೆ. ರಾಜೇಶ್ವರಮ್ಮ ಕೈಯಲ್ಲಿದ್ದ ತುಂಡನ್ನು ನೋಡಿದರು. ಡಬ್ಬಿಯ ಮೇಲೆ ಕೊರೆದ ಹೆಸರನ್ನು ನೋಡಿದರು. ಮಹಾದೇವಮ್ಮ ಕಿಟಕಿಯ ಕಡೆ ತಿರುಗಿಕೊಂಡರು.

"ಇದರಲ್ಲಿ ಬಾದಾಮಿ ಇಲ್ಲ," ಎಂದರು ಬಸವಣ್ಣೆಮ್ಮ. ಧ್ವನಿ ಏರಲೂ ಇಲ್ಲ, ಅವಸರವೂ ಇರಲಿಲ್ಲ. "ಅರ್ಧ ಓಟ್ಸು. ನಿಮ್ಮ ದೊಡ್ಡಪ್ಪನೋರು ಕುದುರೆಗೆ ಸುರೀತಿದ್ದದ್ದು. ಇನ್ನರ್ಧ ಹುರುಳಿ. ಅದು ನಿಮ್ಮನೇದೇ. ಕುಬಸದ ದಿನ ಇದೇ ಡಬ್ಬಿಗೆ ಒಂದು ಹಿಡಿ ಹಾಕಿ ಕೊಟ್ಟಿದ್ರಲ್ಲ, ಅದನ್ನ ಎರಡು ವರ್ಷ ಬಿತ್ತಿ ಬೆಳೆದು ತಂದೀನಿ. ಮೂರು ತಿಂಗಳಿಂದ ನೀವು ಚಾಕ್ಕೆ ಅದ್ದಿಕೊಂಡು ತಿಂತಿರೋದು ಅದನ್ನೇ."

ಆ ಅರ್ಧ ಬಿಸ್ಕತ್ತನ್ನು ರಾಜೇಶ್ವರಮ್ಮ ಎಸೆಯುತ್ತಾರೆಂದೇ ನಾನು ಎಣಿಸಿದ್ದೆ. ಅವರು ಅದನ್ನು ಬಾಯಿಗೆ ಹಾಕಿ, ಅಗಿದು, ನುಂಗಿದರು. "ಕುದುರೆಗೆ ಇಷ್ಟು ಚಲೋದು ಹಾಕ್ತಿದ್ರು ಅಂತ ನಮ್ಮ ದೊಡ್ಡಪ್ಪ ಹೇಳಲೇ ಇಲ್ಲ ನೋಡಿ!"

ಪಡಸಾಲೆ ಗೊಳ್ಳೆಂದಿತು. ಒಂದೇ ಮಾತಿನಲ್ಲಿ ಆಕೆ ಪಾರಾಗಿಬಿಟ್ಟರು ಎನಿಸಿತು ನನಗೆ. ಬಸವಣ್ಣೆಮ್ಮ ನಗಲಿಲ್ಲ. ನಗು ಇಳಿಯುವವರೆಗೆ ಕಾದು, ಡಬ್ಬಿಯ ಮುಚ್ಚಳ ಮುಚ್ಚಿ ಅದರ ಮೇಲೆ ಕೈ ಇಟ್ಟರು.

"ನಗೋದು ಆಮೇಲೆ. ನನ್ನ ಮಗಳಿಗೆ ಒಂದು ಹೆಸರೈತೆ. ತೊಟ್ಟಿಲಲ್ಲಿ ಹಾಕಿ ಇಟ್ಟ ಹೆಸರು. ಎರಡೂವರೆ ವರ್ಷದಿಂದ ಈ ಮನೇಲಿ ಅದನ್ನ ಯಾರೂ ಕೂಗಿಲ್ಲ. ಈಗ ನೀವು ಕೂಗಿ, ಆಕೆ ಬಂದು ಡಬ್ಬಿ ತಗೊಂಡು ಹೋಗಿ ಬೀರಲಿ. ಇಲ್ಲಾಂದ್ರೆ ಡಬ್ಬಿ ಇದೇ ಬಸ್ಸಿಗೆ ವಾಪಸ್."

ಬೆದರಿಕೆಯ ತೂಕ ಅಲ್ಲಿದ್ದ ಪ್ರತಿ ಹೆಂಗಸಿಗೂ ಗೊತ್ತಿತ್ತು. ಆಚೆ ಸಾಲಿಗೆ ಬೀರಿ ಈಚೆ ಸಾಲಿಗೆ ಬಿಟ್ಟರೆ ಈಚೆ ಸಾಲಿನವರು ಆ ಹೊಸಲು ತುಳಿಯುವುದಿಲ್ಲ. ಆ ಸಾಲಿನ ಏಳೆಂಟು ಜನ ಅಲ್ಲೇ ಕೂತಿದ್ದರು. ಅವರ ಮುಖದ ನಗು ಆಗಲೇ ಹೋಗಿತ್ತು.

ರಾಜೇಶ್ವರಮ್ಮ ಜಗುಲಿಯಲ್ಲಿದ್ದ ಮಗನ ಕಡೆ ನೋಡಿದರು. ಅವನು ಎಂದಿನಂತೆ ನೆಲ ನೋಡುತ್ತಿದ್ದ.

"ನೀಲಾಂಬಿಕ," ಎಂದರು, ಗಂಟಲೊಳಗೆ.

ಒಳಗಿನಿಂದ ಉತ್ತರ ಬರಲಿಲ್ಲ.

"ನೀಲಾಂಬಿಕ!"

"ಏನೋ ಅಂದಂಗಾಯ್ತು. ಸರಿಯಾಗಿ ಕೇಳಿಸಲಿಲ್ಲ ಅತ್ತೇ," ಎಂದಳು ನೀಲಾಂಬಿಕ ಅಡುಗೆಮನೆಯಿಂದ.

ಮೂರನೆಯ ಸಲ ಕೂಗಿದ್ದು ಜಗುಲಿ ದಾಟಿ ಬೀದಿಗೂ ಕೇಳಿಸಿತು. ಆಗ ಅವಳು ಕೈ ಒರೆಸಿಕೊಳ್ಳುತ್ತಾ ಬಂದು, ತಾಯಿಯ ಮುಖವನ್ನೂ ನೋಡದೆ ಡಬ್ಬಿ ಎತ್ತಿ ಸೊಂಟಕ್ಕಿಟ್ಟುಕೊಂಡು ಬೀರಲು ಹೊರಟಳು. ನನ್ನನ್ನು ದಾಟುವಾಗ ಮಾತ್ರ ಕಣ್ಣಲ್ಲೇ ನಕ್ಕಳು. ಮೊದಲ ಪೊಟ್ಟಣ ಬಂದ ದಿನವೇ ಮೂರು ಗೆರೆ ನೋಡಿ ಅವಳಿಗೆ ಅದು ಅವ್ವ ಮಾಡಿದ್ದೆಂದು ಗೊತ್ತಾಗಿತ್ತು ಎಂದು ಆಮೇಲೆ ಹೇಳಿದಳು. ಪ್ರತಿ ಬೆಳಿಗ್ಗೆ ಅತ್ತೆ ಬೀಗ ತೆಗೆದು ಕೊಟ್ಟ ಎರಡು ಬಿಸ್ಕತ್ತನ್ನು ಚಹಾದ ಪಕ್ಕ ಇಡುತ್ತಿದ್ದವಳು ಅವಳೇ. ಅಷ್ಟು ದಿನ ತಾನು ಮಾತ್ರ ಒಂದನ್ನೂ ತಿಂದಿರಲಿಲ್ಲ.

ಒಂದು ವಾರಕ್ಕೆ ಮಹಾದೇವಮ್ಮನ ಕೈಯಲ್ಲಿ ಹಿತ್ತಾಳೆ ಡಬ್ಬಿ ಹಿಂದಿರುಗಿತು. ಖಾಲಿಯಿರಲಿಲ್ಲ. ತುಂಬ ಹುರುಳಿ. ಜೊತೆಗೆ ಹೇಳಿಕಳಿಸಿದ ಮಾತು ಏನೂ ಇರಲಿಲ್ಲ. ಬಸವಣ್ಣೆಮ್ಮ ಅದನ್ನು ಮೊರಕ್ಕೆ ಸುರಿದು ಬೆಳಕಿಗೆ ಹಿಡಿದರು. ನಾನೂ ಕೂತೆ. ಅರ್ಧ ಗಂಟೆ ಹುಡುಕಿದರೂ ಒಂದು ತೂತುಕಾಳು ಸಿಗಲಿಲ್ಲ.

"ಒಂದೊಂದೇ ಆರಿಸಿ ಕಳಿಸಿದಾಳೆ," ಎಂದರು. ಎರಡೂವರೆ ವರ್ಷದಲ್ಲಿ ಮೊದಲ ಬಾರಿಗೆ ಅವರ ಮುಖ ಸಡಿಲವಾದದ್ದನ್ನು ಕಂಡೆ. "ಹೆದರ್ಯಾಳೆ."

ಇನ್ನು ಆ ತೊಂಬತ್ತು ಕಾಳನ್ನು ಎಸೆಯಬಹುದಲ್ಲ ಎಂದು ನಾನು ಗೂಡಿನ ಕಡೆ ಕೈ ಚಾಚಿದೆ. ಅವರು ನನ್ನ ಕೈ ತಡೆದು ಬಾಟಲಿಯನ್ನು ಇನ್ನಷ್ಟು ಒಳಗೆ ಸರಿಸಿದರು.

"ಅದು ಅಲ್ಲೇ ಇರಲಿ ಮೇಷ್ಟ್ರೇ. ಈ ಹೆದರಿಕೆ ಎಷ್ಟು ದಿನ ಇರ್ತೈತೆ ನೋಡಣ."